ಸ್ವಂತ ಲಾರಿ ತಗೋಬೇಕು: ಟ್ರೇಲರಾ, ಹನ್ನೆರಡು ಚಕ್ರವಾ, ಹತ್ತು ಚಕ್ರ ಸಾಕಾ?

ಹಿರಿಯೂರು ಡ್ರೈವರ್

ಎಲ್ಲರಿಗೂ ನಮಸ್ಕಾರ. 11 ವರ್ಷದಿಂದ ಬೇರೆಯವರ ಗಾಡಿ ಓಡಿಸುತ್ತಿದ್ದೇನೆ. ಅದಕ್ಕೆ ಮುಂಚೆ ಎರಡು ವರ್ಷ ಕ್ಲೀನರ್. ಈಗ ಇರುವುದು ಹನ್ನೆರಡು ಚಕ್ರದ ಗಾಡಿಯಲ್ಲಿ, ತೋರಣಗಲ್ಲಿಂದ ಬೆಂಗಳೂರಿಗೆ ಸ್ಟೀಲು, ಬರುವಾಗ ಸಿಕ್ಕಿದ ಲೋಡು. ಬಳ್ಳಾರಿ, ಚಳ್ಳಕೆರೆ ಮೇಲೆ ಬಂದರೆ ನಮ್ಮೂರೇ ಸಿಗುತ್ತದೆ, ಹಾಗಾಗಿ ವಾರಕ್ಕೆರಡು ಸಲ ಮನೆ ಊಟ ಆಗುತ್ತದೆ. ಇದನ್ನು ಬಿಡೋಕೆ ಇಷ್ಟ ಇಲ್ಲ.

ಕೈಯಲ್ಲಿ 9 ಲಕ್ಷ ಇದೆ. ಮೂರು ದಾರಿ ಕಾಣುತ್ತಿದೆ. ಒಂದು, ಹೊಸ ಹನ್ನೆರಡು ಚಕ್ರ, ಎಲ್ಲಾ ದುಡ್ಡು ಮುಂಗಡಕ್ಕೆ ಹಾಕಿ ಉಳಿದದ್ದು ಸಾಲ. ಎರಡು, 2019ರ 55 ಟನ್ನಿನ (ಗಾಡಿ, ಮಾಲು ಸೇರಿ ಒಟ್ಟು ತೂಕ) ಟ್ರೇಲರ್ ಒಂದು ಮಾರಾಟಕ್ಕಿದೆ, 22 ಲಕ್ಷ ಹೇಳುತ್ತಿದ್ದಾರೆ. ಮೂರು, ಹಳೇ ಹತ್ತು ಚಕ್ರ ತಗೊಂಡು ಸಾಲ ಕಡಿಮೆ ಇಟ್ಟುಕೊಳ್ಳುವುದು. ನನ್ನ ಮನಸ್ಸು ಟ್ರೇಲರ್ ಕಡೆ ಇದೆ. ಫ್ಯಾಕ್ಟರಿ ಗೇಟಲ್ಲಿ ಕಾಯಿಲ್ (ಸ್ಟೀಲ್ ಹಾಳೆಯ ದೊಡ್ಡ ಸುರುಳಿ) ಹೊತ್ತ ಟ್ರೇಲರ್ ಹೊರಗೆ ಬರುವುದನ್ನು ದಿನಾ ನೋಡಿ ನೋಡಿ ಆಸೆ ಹತ್ತಿದೆ ಅಂತಲೇ ಇಟ್ಟುಕೊಳ್ಳಿ. ಅನುಭವ ಇರುವವರು ಹೇಳಿ.

ಹಳೇ ಮಾಲೀಕ

ತಮ್ಮ, ಗಾಡಿ ಯಾವುದು ಅಂತ ಆಮೇಲೆ ನೋಡೋಣ. ಲೋಡು ಕೊಡುವವರು ಯಾರು? ನೀನು ಈಗ ಹೊರುತ್ತಿರುವ ಸ್ಟೀಲು ನಿನ್ನ ಮಾಲೀಕನ ಹೆಸರಿಗೆ ಬರುವ ಲೋಡು, ನಿನ್ನದಲ್ಲ. ಸ್ವಂತ ಗಾಡಿ ತಗೊಂಡು ಅದೇ ಗೇಟಿಗೆ ಹೋಗಿ ನಿಂತರೆ ನೀನು ಸಾಲಿನ ಕೊನೆ.

ಟ್ರೇಲರ್ ಲೋಡು ಬಹುಪಾಲು 50, 100 ಗಾಡಿ ಇರುವವರ ಕಾಂಟ್ರಾಕ್ಟಲ್ಲಿ ಹೋಗುತ್ತದೆ. ಅವರ ಗಾಡಿ ಸಾಲದೆ ಬಂದಾಗ ಮಾತ್ರ ಒಂಟಿ ಗಾಡಿಯವರಿಗೆ ಫೋನು ಬರುತ್ತದೆ. ಅದೂ ಬ್ರೋಕರ್ ಕಮಿಷನ್ ಕಳೆದು. ನಾನು 3 ವರ್ಷ ಒಂದು ಟ್ರೇಲರ್ ಇಟ್ಟುಕೊಂಡಿದ್ದೆ. ಬೆಂಗಳೂರಿಗೆ ಕಾಯಿಲ್ ಇಳಿಸಿದ ಮೇಲೆ ಆ ಬರೀ ಹಲಗೆ ಮೈಗೆ ಯಾರು ಏನು ತುಂಬುತ್ತಾರೆ ಹೇಳು? ಈರುಳ್ಳಿ ಹಾಕೋಕಾಗಲ್ಲ, ಮೆಕ್ಕೆಜೋಳ ಹಾಕೋಕಾಗಲ್ಲ. ಮಷಿನ್, ಪೈಪು, ಇನ್ನೊಂದು ಸ್ಟೀಲು, ಇಷ್ಟೇ. ಇಲ್ಲದಿದ್ದರೆ ಖಾಲಿ. ಹನ್ನೆರಡು ಚಕ್ರಕ್ಕೆ 24 ಅಡಿ ಬಾಡಿ ಕಟ್ಟಿಸಿದ್ದರೆ ಯಶವಂತಪುರಕ್ಕೆ ಈರುಳ್ಳಿ ಹಾಕಿಕೊಂಡು ಹೋಗುತ್ತೀಯ, ಬರುವಾಗ ಗೊಬ್ಬರವೋ ದಿನಸಿಯೋ ಏನೋ ಒಂದು ಸಿಗುತ್ತದೆ.

ಲೆಕ್ಕದ ಪುಸ್ತಕ

ಸುಮ್ನೆ ಮಾತು ಬೇಡ, ಬರೆದು ನೋಡೋಣ.

ತೋರಣಗಲ್ಲು-ಬೆಂಗಳೂರು 330 ಕಿಲೋಮೀಟರ್ ಅಂತ ಹಿಡಿಯಿರಿ. ಹನ್ನೆರಡು ಚಕ್ರದ ಗಾಡಿ ತುಂಬಿದಾಗ ಲೀಟರಿಗೆ 3.5, ಖಾಲಿಯಲ್ಲಿ 5 ಕೊಟ್ಟರೆ ಹೋಗಿಬರಲು 160 ಲೀಟರ್. ಡೀಸೆಲ್ 91 ರೂಪಾಯಿ ಅಂದರೆ 14,560. ತುಂಬುವುದು 24 ಟನ್. ಟನ್ನಿಗೆ 607 ರೂಪಾಯಿ ಡೀಸೆಲ್ಲಿಗೇ ಹೋಯಿತು.

55 ಟನ್ನಿನ ಟ್ರೇಲರ್ ತುಂಬಿದಾಗ 2.7, ಖಾಲಿಯಲ್ಲಿ 4. ಹೋಗಿಬರಲು 204 ಲೀಟರ್, ಹತ್ತಿರ ಹತ್ತಿರ 18,600. ಆದರೆ ಹೊರುವುದು 38 ಟನ್. ಟನ್ನಿಗೆ 490ಕ್ಕಿಂತ ಕಡಿಮೆ.

ಅಂದರೆ ಕಾಗದದ ಮೇಲೆ ಟ್ರೇಲರ್ ಗೆಲ್ಲುತ್ತದೆ, ಇದರಲ್ಲಿ ಸುಳ್ಳಿಲ್ಲ. ಹಳೇ ಮಾಲೀಕರು ಹೇಳಿದ್ದು ಬೇರೆ ವಿಷಯ, ವಾಪಸು ಲೋಡಿನದು. ಮೇಲಿನ ಲೆಕ್ಕದಲ್ಲಿ ನಾನು ಎರಡು ಗಾಡಿಯನ್ನೂ ಖಾಲಿ ವಾಪಸು ತಂದಿದ್ದೇನೆ. ಹನ್ನೆರಡು ಚಕ್ರಕ್ಕೆ ವಾಪಸು ಲೋಡು ಸಿಕ್ಕಿದ ದಿನ ಲೆಕ್ಕ ತಿರುಗುತ್ತದೆ. ಇನ್ನೊಂದು, ತಿಂಗಳಿಗೆ ಎಷ್ಟು ಟ್ರಿಪ್? ನೀವು ಈಗ 8 ಹೊಡೆಯುತ್ತಿದ್ದರೆ ಟ್ರೇಲರಲ್ಲಿ ಗೇಟಿನ ಕಾಯುವಿಕೆ ಸೇರಿ 5 ಅಥವಾ 6 ಆಗಬಹುದು.

ಟೈರು ಮರೆಯಬೇಡಿ. 22 ಟೈರು, ಒಂದಕ್ಕೆ 22 ಸಾವಿರ ಅಂದರೂ 4.84 ಲಕ್ಷ. ಹನ್ನೆರಡಕ್ಕೆ 2.64 ಲಕ್ಷ. ಹಳೇ ಟ್ರೇಲರ್ ಮಾರುವವನು ಟೈರು ಸವೆದ ಮೇಲೇ ಮಾರುತ್ತಾನೆ, ಗಮನಿಸಿ.

ಕಂತು: ಹೊಸ ಗಾಡಿಗೆ 35 ಲಕ್ಷ ಸಾಲ, 10 ಪರ್ಸೆಂಟ್, 5 ವರ್ಷ ಅಂದರೆ ತಿಂಗಳಿಗೆ 74 ಸಾವಿರದ ಮೇಲೆ. ಹಳೇ ಟ್ರೇಲರಿಗೆ 15 ಲಕ್ಷ, 15 ಪರ್ಸೆಂಟ್, 3 ವರ್ಷ ಅಂದರೆ 52 ಸಾವಿರ. ಹಳೇ ಹನ್ನೆರಡು ಚಕ್ರಕ್ಕೆ 11 ಲಕ್ಷ ಸಾಲ ಅದೇ ಬಡ್ಡಿಗೆ, 38 ಸಾವಿರ ಚಿಲ್ಲರೆ. ಗಾಡಿ ನಿಂತರೂ ಕಂತು ನಿಲ್ಲಲ್ಲ ಅಲ್ವಾ.

ಬಳ್ಳಾರಿ ಹುಡುಗ

ಎಲ್ಲರೂ ಹೆದರಿಸುತ್ತಿದ್ದೀರಿ. ನಮ್ಮ ಮಾವ ಒಂದು ಟ್ರೇಲರಿಂದ ಶುರು ಮಾಡಿ ಈಗ ನಾಲ್ಕು ಇಟ್ಟಿದ್ದಾರೆ. 12 ಚಕ್ರ ಎಲ್ಲರ ಹತ್ತಿರವೂ ಇದೆ, ಅದಕ್ಕೇ ಬಾಡಿಗೆ ಏಳ್ತಾ ಇಲ್ಲ.

ಹಳೇ ಮಾಲೀಕ

ನಿಮ್ಮ ಮಾವನಿಗೆ ಮೊದಲ ಲೋಡು ಕೊಟ್ಟವರು ಯಾರು ಅಂತ ಕೇಳಿ ಬಾ, ಆಮೇಲೆ ಮಾತಾಡೋಣ.

ಬಳ್ಳಾರಿ ಹುಡುಗ

ಕೇಳಿದೆ. ಅವರ ಭಾವನ ಟ್ರಾನ್ಸ್‌ಪೋರ್ಟ್ ಆಫೀಸು. ಸರಿ, ಸೋತೆ 😄

ಗ್ರೀಸ್ ಕೈ

ನಾನು ಮೆಕ್ಯಾನಿಕ್ಕು, ಶಿರಾ ಹತ್ತಿರ ಹೆದ್ದಾರಿ ಪಕ್ಕ ಶೆಡ್ಡು. ಹಳೇ ಗಾಡಿ ನೋಡುವುದು ಹೇಗೆ ಅಂತ ಹೇಳುತ್ತೇನೆ. ಟ್ರೇಲರ್ ತಗೊಂಡರೂ ಸರಿ, ಏನು ತಗೊಂಡರೂ ಸರಿ.

ಬೆಳಿಗ್ಗೆ ಹೇಳದೆ ಹೋಗಿ. ನೀವು ಬರುತ್ತೀರಿ ಅಂತ ಗೊತ್ತಿದ್ದರೆ ಎಂಜಿನ್ ಬಿಸಿ ಮಾಡಿಟ್ಟಿರುತ್ತಾರೆ. ಕೈ ಇಟ್ಟು ನೋಡಿ, ಎಂಜಿನ್ ತಣ್ಣಗಿರಬೇಕು. ಸ್ಟಾರ್ಟ್ ಮಾಡಿಸಿ, ಎಂಜಿನ್ ಆಯಿಲ್ ಹಾಕುವ ಮುಚ್ಚಳ ತೆಗೆದು ಅಂಗೈ ಅಡ್ಡ ಹಿಡಿಯಿರಿ. ಹೊಗೆ ಬುಸುಬುಸು ಅಂತ ಅಂಗೈಗೆ ಹೊಡೆದರೆ ಪಿಸ್ಟನ್ ರಿಂಗು, ಲೈನರ್ ಕೆಲಸ ಹತ್ತಿರದಲ್ಲೇ ಇದೆ. ಒಂದು ಲಕ್ಷದ ಮೇಲೆ ಹೋಗುವ ಕೆಲಸ ಅದು.

ಆಮೇಲೆ ಮಲಗಿ. ಅಂಗಿ ಕೊಳೆಯಾಗುತ್ತದೆ ಅಂತ ನಾಚಿಕೆ ಪಡಬೇಡಿ. ಹಿಂದಿನ ಜೋಡಿ ಆ್ಯಕ್ಸಲ್ ಇದೆಯಲ್ಲ, ಅದರ ಸ್ಪ್ರಿಂಗ್ ಪಟ್ಟಿ ಕೂರುವ ಜಾಗದಲ್ಲಿ ಚಾಸಿಸ್ ನೋಡಿ. ಓವರ್‌ಲೋಡು ಹೊತ್ತ ಗಾಡಿ ಅಲ್ಲೇ ಸೀಳುವುದು. ವೆಲ್ಡಿಂಗ್ ಮಾಡಿ ಮೇಲೆ ಪ್ಲೇಟು ಹೊಡೆದು ಬಣ್ಣ ಬಳಿದಿರುತ್ತಾರೆ. ಗಾಡಿಯೆಲ್ಲ ಧೂಳು, ಆ ಒಂದು ಮೊಳ ಜಾಗ ಮಾತ್ರ ಹೊಸ ಕಪ್ಪು ಬಣ್ಣ ಅಂದರೆ ಕೈ ಮುಗಿದು ಬನ್ನಿ. ಚಾಸಿಸ್ ನಂಬರು ಬೆರಳಲ್ಲಿ ಉಜ್ಜಿ ನೋಡಿ, ಆರ್‌ಸಿ ಜೊತೆ ಒಂದೊಂದೇ ಅಕ್ಷರ ಹೋಲಿಸಿ.

ಟ್ರೇಲರಾದರೆ ಇನ್ನೂ ಎರಡು. ಫಿಫ್ತ್ ವೀಲ್ ಮತ್ತು ಕಿಂಗ್‌ಪಿನ್ (ಟ್ರೇಲರನ್ನು ಮುಂದಿನ ಭಾಗಕ್ಕೆ ಸೇರಿಸುವ ತಟ್ಟೆ ಮತ್ತು ಗೂಟ) ಸಡಿಲವಾಗಿ ಆಡುತ್ತವಾ ನೋಡಿ. ಟ್ರೇಲರ್ ಬ್ರೇಕ್ ಮಾತ್ರ ಹಿಡಿದು ಕುದುರೆಯನ್ನು ಹಿಂದೆ ಮುಂದೆ ಅಲ್ಲಾಡಿಸಿ. ಕಟಕ್ ಅಂತ ದೊಡ್ಡ ಸದ್ದು ಬಂದರೆ ಸವೆದಿದೆ. (ಕುದುರೆ ಅಂದರೆ ನಮ್ಮ ಶೆಡ್ಡಲ್ಲಿ ಮುಂದಿನ ಎಂಜಿನ್ ಭಾಗ.) ಇನ್ನೊಂದು, ಟ್ರೇಲರಿಗೆ ಬೇರೆ ಆರ್‌ಸಿ ಇರುತ್ತದೆ. ಎರಡಕ್ಕೂ ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಅನ್ನುವ ಫಿಟ್‌ನೆಸ್ ಪತ್ರ), ಎರಡಕ್ಕೂ ಟ್ಯಾಕ್ಸು. ಮುಂದಿನದರ ಕಾಗದ ಮಾತ್ರ ತೋರಿಸಿ ಹಿಂದಿನದರ ಬಾಕಿ ನಿಮ್ಮ ತಲೆಗೆ ಕಟ್ಟುವವರಿದ್ದಾರೆ.

ಹಿರಿಯೂರು ಡ್ರೈವರ್

ಗ್ರೀಸ್ ಕೈ ಅಣ್ಣ, ಬಿಎಸ್4 ತಗೊಳ್ಳಲಾ ಬಿಎಸ್6 ತಗೊಳ್ಳಲಾ?

ಗ್ರೀಸ್ ಕೈ

ಎರಡೂ ಹೊಗೆ ಮಿತಿಯ ಸರ್ಕಾರಿ ಮಾನದಂಡ, 2020ರ ಏಪ್ರಿಲ್ 1ರಿಂದ ಹೊಸದೆಲ್ಲ ಬಿಎಸ್6. ಅದಕ್ಕೆ ಯೂರಿಯಾ ನೀರು ಬೇಕು, ಸೈಲೆನ್ಸರಲ್ಲಿ ಫಿಲ್ಟರ್ ಇರುತ್ತದೆ, ಮಸಿ ತುಂಬಿದರೆ ನಿಲ್ಲಿಸಿ ಸುಡಿಸಬೇಕು. ಉದ್ದದ ಹೆದ್ದಾರಿಯಲ್ಲಿ ಓಡುವ ಗಾಡಿಗೆ ಇದು ದೊಡ್ಡ ತಲೆನೋವಲ್ಲ, ತಾನೇ ಸುಟ್ಟುಕೊಳ್ಳುತ್ತದೆ. ಗಣಿಯೊಳಗೆ ತೆವಳುತ್ತಾ, ಗೇಟಲ್ಲಿ ಎಂಜಿನ್ ಹಾಕಿಕೊಂಡೇ ನಿಲ್ಲುವ ಗಾಡಿಗೆ ಕಷ್ಟ. ದುಡ್ಡು ಉಳಿಸೋಕೆ ಯೂರಿಯಾ ಡಬ್ಬಿಗೆ ಸಿಕ್ಕಿದ ನೀರು ಸುರಿದವರ ಗಾಡಿ ನನ್ನ ಶೆಡ್ಡಿಗೆ ಬಂದಿದೆ. ಇಂಜೆಕ್ಟರಲ್ಲಿ ಬಿಳೀ ಕಲ್ಲು ಕಟ್ಟಿತ್ತು, ಸುಣ್ಣದ ಗಡ್ಡೆ ಹಾಗೆ.

ಬಿಎಸ್4 ಆದರೆ ನನ್ನಂಥವನೂ ರಿಪೇರಿ ಮಾಡುತ್ತಾನೆ. ಬಿಎಸ್6 ಆದರೆ ಲ್ಯಾಪ್‌ಟಾಪ್ ಇರುವವನೇ ಬೇಕು. ಆದರೆ ವಯಸ್ಸು ನೋಡಿ: 8 ವರ್ಷ ದಾಟಿದರೆ ಎಫ್‌ಸಿ ಪ್ರತಿ ವರ್ಷ. ನ್ಯಾಷನಲ್ ಪರ್ಮಿಟ್ ಎರಡು ಆ್ಯಕ್ಸಲ್ ಗಾಡಿಗೆ 12 ವರ್ಷದವರೆಗೆ, ಮಲ್ಟಿ ಆ್ಯಕ್ಸಲ್ಲಿಗೆ 15. ದಿಲ್ಲಿಗೆ 2026ರ ಅಕ್ಟೋಬರ್ 31ರ ನಂತರ ಹೊರಗಿನ ಬಿಎಸ್4 ಗಾಡಿ ಬಿಡಲ್ಲ, ಆದರೆ ನೀವು ಹಿರಿಯೂರು ಊಟ ಬಿಟ್ಟು ಅಲ್ಲಿಗೆ ಹೋಗಲ್ಲವಲ್ಲ.

ಲೆಕ್ಕದ ಪುಸ್ತಕ

ಇದಕ್ಕೆ ಒಂದು ಸೇರಿಸಿ. 2018ರ ಜುಲೈಯಲ್ಲಿ ಆ್ಯಕ್ಸಲ್ ತೂಕ ಏರಿಸಿದರು. ಅದಕ್ಕೆ ಮುಂಚೆ ಹನ್ನೆರಡು ಚಕ್ರದ ಗಾಡಿಗೆ ಒಟ್ಟು 31 ಟನ್, ಟ್ರೇಲರಿಗೆ ಹೆಚ್ಚೆಂದರೆ 49. ಈಗ ಬರುವ ಹನ್ನೆರಡು ಚಕ್ರ 35 ಟನ್, ಟ್ರೇಲರ್ 55. ಹಳೇ ಗಾಡಿ ಕೊಳ್ಳುವಾಗ ಬ್ರೋಕರ್ ಬಾಯಲ್ಲಿ ಹೇಳುವುದನ್ನು ಬಿಡಿ, ಆರ್‌ಸಿಯಲ್ಲಿ ಎಷ್ಟು ಬರೆದಿದೆ ಅಷ್ಟೇ ಲೆಕ್ಕ. 31ರ ಗಾಡಿಗೆ 35ರ ಲೋಡು ಹಾಕಿದರೆ ಅದು ಓವರ್‌ಲೋಡು. 2019ರ ತಿದ್ದುಪಡಿ ಕಾಯ್ದೆ ಪ್ರಕಾರ 20 ಸಾವಿರ ದಂಡ, ಮೇಲಿನ ಪ್ರತಿ ಟನ್ನಿಗೆ 2 ಸಾವಿರ, ಜೊತೆಗೆ ಹೆಚ್ಚಿನ ಮಾಲು ಅಲ್ಲೇ ಇಳಿಸಬೇಕು. ನಡುರಸ್ತೆಯಲ್ಲಿ ಹಮಾಲಿ ಯಾರು ಕೊಡುತ್ತಾರೆ?

ಶಿರಾಡಿ ರಾತ್ರಿ

ನಾನು ಮಂಗಳೂರು ಲೈನು. ಪಣಂಬೂರಿಂದ ಗೊಬ್ಬರ, ಕಲ್ಲಿದ್ದಲು, ಏನು ಸಿಕ್ಕರೂ ಹಾಸನದ ಕಡೆಗೆ. ನೀವು ಮುಂದೊಂದು ದಿನ ಈ ಕಡೆ ಬರುವ ಯೋಚನೆ ಇದ್ದರೆ ಎಂಜಿನ್ ಕಡೆ ನೋಡಿ. ಗಾಡಿ ಮೇಲಿನ ನಂಬರಲ್ಲೇ ಇರುತ್ತದೆ, 3518 ಅಂದರೆ 35 ಟನ್, 180 ಎಚ್‌ಪಿ. 5530 ಅಂದರೆ 55 ಟನ್, 300 ಎಚ್‌ಪಿ. ಬಯಲುಸೀಮೆಗೆ 180 ಸಾಕು, ಡೀಸೆಲ್ಲೂ ಉಳಿಯುತ್ತದೆ. ಶಿರಾಡಿಯಲ್ಲಿ 35 ಟನ್ ಹೊತ್ತು 180ರಲ್ಲಿ ಹತ್ತುವಾಗ ಪಕ್ಕದಲ್ಲಿ ನಡೆದುಕೊಂಡು ಹೋಗುವವನು ನಿಮ್ಮನ್ನು ದಾಟುತ್ತಾನೆ.

ಟ್ರೇಲರ್ ಬಗ್ಗೆ ನನ್ನ ಕಥೆ ಕೇಳಿ. ಒಂದು ಮಳೆಗಾಲ, ಗುಂಡ್ಯ ದಾಟಿ ಸ್ವಲ್ಪ ಮೇಲೆ ಹೋಗಿದ್ದೆವು, ಮುಂದೆ ಗುಡ್ಡ ಜಾರಿ ರಸ್ತೆ ಬಂದ್. ನನ್ನದು ಆಗ ಹತ್ತು ಚಕ್ರ. ಹಿಂದೆ ಮುಂದೆ ಮಾಡಿ, ಕ್ಲೀನರ್ ಹುಡುಗ ಟಾರ್ಚ್ ಹಿಡಿದು ಚರಂಡಿ ತೋರಿಸುತ್ತಾ, ಹತ್ತು ನಿಮಿಷದಲ್ಲಿ ತಿರುಗಿಸಿಕೊಂಡು ನೆಲ್ಯಾಡಿಗೆ ವಾಪಸು ಬಂದೆ. ಹೋಟೆಲಲ್ಲಿ ಗಂಜಿ ಊಟ ಮಾಡಿ ಮಲಗಿದೆ. ನನ್ನ ಮುಂದಿದ್ದ ಟ್ರೇಲರ್‌ನವರು ತಮಿಳುನಾಡಿನ ಅಣ್ಣ, ತಿರುಗಿಸುವ ಮಾತೇ ಇಲ್ಲ. ಎರಡು ರಾತ್ರಿ ಕಾಡಲ್ಲಿ ಕೂತರು. ಮೂರನೇ ದಿನ ಹೋದಾಗ ಕ್ಯಾಬಿನ್ ಬಾಗಿಲಲ್ಲಿ ಕೂತು ಕಾಲಿಗೆ ಹತ್ತಿದ ಜಿಗಣೆಗೆ ಉಪ್ಪು ಹಾಕುತ್ತಿದ್ದರು. ಚಹಾ ಪುಡಿ ಇದೆಯಾ ಅಂತ ಕೇಳಿದರು, ಕೊಟ್ಟೆ.

ಹತ್ತು ಚಕ್ರವನ್ನು ಯಾರೂ ಲೆಕ್ಕಕ್ಕೇ ತಗೋತಾ ಇಲ್ಲ ಇಲ್ಲಿ. 28 ಟನ್ ಗಾಡಿ, 18 ಟನ್ ಹೊರುತ್ತದೆ, ಹಳ್ಳಿಯ ಗೋದಾಮಿನ ಬಾಗಿಲಿಗೇ ಹೋಗುತ್ತದೆ. ಕಂತು ಕಡಿಮೆ, ನಿದ್ದೆ ಜಾಸ್ತಿ.

ಲೆಕ್ಕದ ಪುಸ್ತಕ

ನಿದ್ದೆ ಜಾಸ್ತಿ ಒಪ್ಪಿದೆ. ಆದರೆ ಸ್ಟೀಲು ಲೈನಲ್ಲಿ ಹತ್ತು ಚಕ್ರಕ್ಕೆ ಉಳಿಯುವುದು ಕಷ್ಟ. ಡ್ರೈವರ್ ಬತ್ತಾ ಒಂದೇ, ಟನ್ನು ಆರು ಕಡಿಮೆ. ಇನ್ಶೂರೆನ್ಸ್ ಕೂಡ ನೋಡಿ, ಥರ್ಡ್ ಪಾರ್ಟಿ 2022ರ ದರದಲ್ಲಿ 20ರಿಂದ 40 ಟನ್‌ವರೆಗೆ ಒಂದೇ, 43,950. ಅಂದರೆ 28 ಟನ್ನಿನವನೂ 35 ಟನ್ನಿನವನೂ ಅಷ್ಟೇ ಕಟ್ಟುತ್ತಾರೆ. 40 ದಾಟಿದರೆ 44,242, ಮುನ್ನೂರು ರೂಪಾಯಿ ಕೂಡ ವ್ಯತ್ಯಾಸ ಇಲ್ಲ.

ನಮ್ಮನೆ ಗಾಡಿ

ನಾನು ಗಾಡಿ ಓಡಿಸುವುದಿಲ್ಲ, ನಮ್ಮ ಯಜಮಾನರು ಓಡಿಸುತ್ತಾರೆ. ದಾವಣಗೆರೆ. ಲೆಕ್ಕ ನನ್ನದು. ಅಣ್ಣ, ನೀವು 9 ಲಕ್ಷವನ್ನೂ ಮುಂಗಡಕ್ಕೆ ಹಾಕುತ್ತೇನೆ ಅಂದಿರಲ್ಲ, ಅದನ್ನು ಓದಿ ಬರೆಯಲೇಬೇಕು ಅನ್ನಿಸಿತು.

ನಾವು ಅದೇ ತಪ್ಪು ಮಾಡಿದ್ದು. ಗಾಡಿ ಮನೆ ಮುಂದೆ ಬಂತು, ಪೂಜೆ ಆಯಿತು, ನಿಂಬೆಹಣ್ಣು ಹತ್ತಿಸಿದೆವು. ಕೈಯಲ್ಲಿ 11 ಸಾವಿರ ಉಳಿದಿತ್ತು. ಮೊದಲ ತಿಂಗಳ ಬಾಡಿಗೆ ಅಡ್ವಾನ್ಸ್ ಬಿಟ್ಟರೆ ಬ್ಯಾಲೆನ್ಸ್ ಯಾರೂ ಕೊಡಲಿಲ್ಲ. ಮಾಲು ಇಳಿಸಿದ ರಸೀದಿ ಆಫೀಸಿಗೆ ಮುಟ್ಟಬೇಕು, ಅವರು ಬಿಲ್ ಹಾಕಬೇಕು, ಆಮೇಲೆ 45 ದಿನ. ಒಂದು ಕಡೆ 70 ದಿನ ಆಯಿತು. ನಾನೇ ಮಗುವನ್ನು ಎತ್ತಿಕೊಂಡು ಆ ಆಫೀಸಿಗೆ ಹೋಗಿ ಕೂತೆ, ಆವತ್ತು ಸಂಜೆ ಚೆಕ್ ಕೊಟ್ಟರು. ಆದರೆ ಡೀಸೆಲ್ ಬಂಕಿನವನು 70 ದಿನ ಕಾಯಲ್ಲ, ಕಂತು ಒಂದು ದಿನವೂ ಕಾಯಲ್ಲ. ನನ್ನ ಎರಡು ಬಳೆ ಇನ್ನೂ ಬ್ಯಾಂಕಲ್ಲೇ ಇದೆ.

ಯಾವ ಗಾಡಿಯಾದರೂ ತಗೊಳ್ಳಿ, ಮೂರು ಕಂತು ಮತ್ತು ಒಂದು ತಿಂಗಳ ಡೀಸೆಲ್ ಬೇರೆ ಇಡಿ. ಅದು ಗಾಡಿಯ ದುಡ್ಡಲ್ಲ ಅಂತಲೇ ತಿಳಿಯಿರಿ. ನಿಮ್ಮ ಮನೆಯಲ್ಲಿ ಅಕ್ಕನಿಗೂ ಈ ಲೆಕ್ಕ ತೋರಿಸಿ, ಸುಮ್ನೆ ಸೈನ್ ಮಾಡಿಸಬೇಡಿ.

ಹಳೇ ಮಾಲೀಕ

ತಾಯಿ, ನೀವು ಮೊದಲೇ ಬರೆದಿದ್ದರೆ ನಾನು ಇಷ್ಟುದ್ದ ಬರೆಯುವುದೇ ಬೇಕಿರಲಿಲ್ಲ.

ಡಲ್ಲಾಸ್ ತಿಪಟೂರು

ಅಮೆರಿಕದಿಂದ ಒಂದು ಮಾತು. ಇಲ್ಲಿ ನಾನು ಓಡಿಸುವುದು 18 ಚಕ್ರದ ಸೆಮಿ, ಒಟ್ಟು ತೂಕದ ಮಿತಿ 80 ಸಾವಿರ ಪೌಂಡ್, ಅಂದರೆ 36 ಟನ್ ಆಸುಪಾಸು. ನಮ್ಮೂರ ಹನ್ನೆರಡು ಚಕ್ರದಷ್ಟೇ! ದಿನಕ್ಕೆ 11 ಗಂಟೆಗಿಂತ ಹೆಚ್ಚು ಓಡಿಸುವ ಹಾಗಿಲ್ಲ, ಮೀಟರ್ ಎಲ್ಲಾ ಬರೆದುಕೊಳ್ಳುತ್ತದೆ. ಇಲ್ಲೂ ಹೊಸ ಮಾಲೀಕರು ಬೀಳುವುದು ಅದೇ ಗುಂಡಿಗೆ: ಲೋಡು ಕೊಡುವ ಕಂಪನಿಯೇ ಗಾಡಿಯನ್ನೂ ಕಂತಿನ ಮೇಲೆ ಕೊಡುತ್ತದೆ, ಲೋಡು ಕಡಿಮೆ ಮಾಡಿದರೆ ಕಂತು ತಪ್ಪುತ್ತದೆ, ಗಾಡಿ ಅವರಿಗೇ ವಾಪಸು. ನಿಮ್ಮಲ್ಲಿ ಯಾರಾದರೂ ಹಾಗೆ ಕೇಳಿದರೆ ಹುಷಾರು.

ಬಳ್ಳಾರಿ ಹುಡುಗ

ಅಲ್ಲಿ ಕ್ಯಾಬಿನ್ನಲ್ಲಿ ಎಸಿ, ಹಾಸಿಗೆ, ಫ್ರಿಜ್ಜು ಅಂತೆ ಗುರು. ಇಲ್ಲಿ ಹೊಸ ಲಾರಿಗೆ ಎಸಿ ಕಡ್ಡಾಯ ಆಗಿದ್ದೇ 2025ರಲ್ಲಿ.

ಇರಲಿ, ಯಾರೂ ಕಂಪನಿ ಹೆಸರು ಹೇಳಲಿಲ್ಲ. ಟಾಟಾನಾ, ಲೇಲ್ಯಾಂಡಾ, ಭಾರತ್‌ಬೆಂಜಾ, ಐಷರ್ರಾ?

ಗ್ರೀಸ್ ಕೈ

ಇದೇ ಪ್ರಶ್ನೆ ಬರುತ್ತದೆ ಅಂತ ಕಾಯುತ್ತಿದ್ದೆ. ನಾಲ್ಕೂ ಓಡುತ್ತವೆ. ರಾತ್ರಿ 2 ಗಂಟೆಗೆ ಚಳ್ಳಕೆರೆಯಲ್ಲಿ ಕ್ಲಚ್ ಹೋದರೆ ಯಾವುದರ ಪ್ಲೇಟು ಬೆಳಿಗ್ಗೆ 9ಕ್ಕೆ ಸಿಗುತ್ತದೋ ಅದು ಒಳ್ಳೆಯ ಗಾಡಿ. ನೀವು ಓಡಿಸುವ ದಾರಿಯ ಮೂರು ಬಿಡಿಭಾಗದ ಅಂಗಡಿಗೆ ಹೋಗಿ ಕೇಳಿ, ಉತ್ತರ ಅಲ್ಲೇ ಇದೆ. ಮಾರುವಾಗಲೂ ಅದೇ ಗಾಡಿಗೆ ಗಿರಾಕಿ.

ಲೆಕ್ಕದ ಪುಸ್ತಕ

ಹೊಸದೇ ಬೇಕು ಅನ್ನುವವರಿಗೆ: 2025ರ ಸೆಪ್ಟೆಂಬರ್ 22ರಿಂದ ಲಾರಿ ಮೇಲಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ. ಹೊಸದು ಅಗ್ಗವಾದಾಗ ಹಳೆಯದರ ಬೆಲೆಯೂ ಇಳಿಯಬೇಕು. 22 ಲಕ್ಷ ಅನ್ನುವವನಿಗೆ ಇದನ್ನು ನೆನಪಿಸಿ ಚೌಕಾಸಿ ಮಾಡಿ.

ಹಿರಿಯೂರು ಡ್ರೈವರ್

ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ, ಬೈಯಬೇಡಿ.

ಟ್ರೇಲರ್ ನೋಡಲು ಹೋಗಿದ್ದೆ, ಹೇಳದೆ, ಬೆಳಿಗ್ಗೆ ಆರೂವರೆಗೆ. ಎಂಜಿನ್ ಚೆನ್ನಾಗಿತ್ತು, ನಿಜ ಹೇಳಬೇಕು. ಕುದುರೆ ಅಲ್ಲಾಡಿಸಿದೆ, ಸಣ್ಣ ಸದ್ದು ಅಷ್ಟೇ. ಕಾಗದ ಕೇಳಿದರೆ ಹಿಂದಿನ ಟ್ರೇಲರಿನ ಎಫ್‌ಸಿ ಮುಗಿದು 14 ತಿಂಗಳಾಗಿದೆ, ಟ್ಯಾಕ್ಸ್ ಬಾಕಿ ಬೇರೆ. "ಅದೆಲ್ಲ ಮಾಡಿಸಿಕೊಡ್ತೀವಿ" ಅಂದರು. ಬಂದುಬಿಟ್ಟೆ.

ಆಮೇಲೆ ಹಳೇ ಮಾಲೀಕರ ಪ್ರಶ್ನೆ ತಲೆಯಲ್ಲಿ ಕೊರೆಯುತ್ತಿತ್ತು. ಚಳ್ಳಕೆರೆಯಲ್ಲಿ ಶೇಂಗಾ ಎಣ್ಣೆ ಮಿಲ್ಲಿನವರೊಬ್ಬರು ಪರಿಚಯ, ನಮ್ಮ ಮಾಲೀಕರ ಗಾಡಿಗೆ ಆಗಾಗ ಲೋಡು ಹಾಕುವವರು. ನಾಚಿಕೆ ಬಿಟ್ಟು ಕೇಳಿದೆ. ವಾರಕ್ಕೆ ಒಂದು ಬೆಂಗಳೂರು ಲೋಡು ನಿನಗೇ, ಆದರೆ ಮುಚ್ಚಿದ ಎತ್ತರದ ಬಾಡಿ ಇರಬೇಕು, ಮಳೆಗೆ ನೆನೆಯಬಾರದು ಅಂದರು. ಒಂದೇ ಲೋಡು. ಆದರೆ ಅದು ನನ್ನ ಹೆಸರಿನ ಲೋಡು. ನಮ್ಮ ಮಾಲೀಕರಿಗೂ ಹೇಳಿದೆ, ಕದ್ದು ಮಾಡುವುದು ಬೇಡ ಅಂತ. ಒಂದು ನಿಮಿಷ ಸುಮ್ಮನಿದ್ದು, ಸ್ಟೀಲು ಹೆಚ್ಚಿಗೆ ಬಂದ ದಿನ ನಿನಗೂ ಫೋನ್ ಮಾಡ್ತೀನಿ ಹೋಗು ಅಂದರು.

2019ರ ಹನ್ನೆರಡು ಚಕ್ರ, 35 ಟನ್ ಆರ್‌ಸಿ, 16.5 ಲಕ್ಷಕ್ಕೆ ಮಾತಾಯಿತು. ಮಲಗಿ ನೋಡಿದೆ, ಚಾಸಿಸ್ ತುಂಬಾ ಮಣ್ಣು, ಹೊಸ ಬಣ್ಣ ಎಲ್ಲೂ ಇಲ್ಲ. ಹಿಂದಿನ ನಾಲ್ಕು ಟೈರು ರಿಸೋಲ್ (ಸವೆದ ಮೇಲೆ ಹೊಸ ರಬ್ಬರ್ ಹಾಕಿದ್ದು), ಅದಕ್ಕೆ 40 ಸಾವಿರ ಇಳಿಸಿದರು. 6 ಲಕ್ಷ ಮುಂಗಡ, ಉಳಿದ 3 ಲಕ್ಷ ಮನೆಯವಳ ಹೆಸರಿನ ಖಾತೆಗೆ ಹಾಕಿದ್ದೇನೆ, ಚೆಕ್ ಬುಕ್ಕೂ ಅವಳ ಹತ್ತಿರವೇ.

ನಮ್ಮನೆ ಗಾಡಿ

ಚೆಕ್ ಬುಕ್ ಕೊಟ್ಟಿರಲ್ಲ, ಗೆದ್ದಿರಿ ಬಿಡಿ.

ಗ್ರೀಸ್ ಕೈ

ಹಳೇ ಸಾಲದ ಎನ್‌ಒಸಿ (ಸಾಲ ತೀರಿದೆ ಅಂತ ಫೈನಾನ್ಸಿನವರು ಕೊಡುವ ಪತ್ರ) ಕೈಗೆ ಬಂತಾ? ಆರ್‌ಸಿಯಲ್ಲಿ ಫೈನಾನ್ಸ್ ಹೆಸರು ತೆಗೆಸಿದ್ದಾರಾ? ಸರ್ಕಾರದ ಎಂ-ಪರಿವಾಹನ್ ಆ್ಯಪಲ್ಲಿ ನಂಬರು ಹಾಕಿ ನೋಡಿದ ಮೇಲೇ ಪೂರ್ತಿ ದುಡ್ಡು ಕೊಡಿ.

ಹಿರಿಯೂರು ಡ್ರೈವರ್

ನೋಡಿದೆ ಅಣ್ಣ. ಎರಡು ಚಲನ್ ಬಾಕಿ ಇತ್ತು, ಅವರೇ ಕಟ್ಟಿದರು. ಎನ್‌ಒಸಿ ಸೋಮವಾರ ಕೊಡುತ್ತಾರಂತೆ, 2 ಲಕ್ಷ ಹಿಡಿದಿಟ್ಟಿದ್ದೇನೆ.

ಈಗ ಒಂದು ಪ್ರಶ್ನೆ. ಬಾಡಿಯ ಹಲಗೆ ಮೂರು ಕಡೆ ಕೊಳೆತಿದೆ. ತಮಿಳುನಾಡಿನ ನಾಮಕ್ಕಲ್‌ಗೆ ಹೋಗಿ ಪೂರ್ತಿ ಹೊಸದು ಕಟ್ಟಿಸಲಾ, ಇಲ್ಲ ಇಲ್ಲೇ ಹಲಗೆ ಬದಲಾಯಿಸಿ ಎತ್ತರಕ್ಕೆ ಕಬ್ಬಿಣದ ಪಟ್ಟಿ ಹಾಕಿಸಿ ಒಂದು ವರ್ಷ ತಳ್ಳಲಾ? ಮಿಲ್ಲಿನವರು ಮುಂದಿನ ಗುರುವಾರವೇ ಲೋಡು ಅಂದಿದ್ದಾರೆ.

ಹಳೇ ಮಾಲೀಕ

ಗುರುವಾರ ಲೋಡು ಅಂದರೆ ನಾಮಕ್ಕಲ್ ಮಾತೇ ಎತ್ತಬೇಡ. ಹಲಗೆ ಬದಲಾಯಿಸು, ಒಳ್ಳೇ ಟಾರ್ಪಾಲು ಎರಡು ತಗೋ. ಒಂದು ಸಾಕು ಅಂತ ಅಂಗಡಿಯವನು ಹೇಳುತ್ತಾನೆ, ಕೇಳಬೇಡ.